ಕಲ್ಲಿನ ರಥದ ಮೇಲೆ ಒಂದು ಗೋಪುರ ಇತ್ತು

ನಿಮ್ಮ ಪರ್ಸಿನಲ್ಲಿ 50 ರೂಪಾಯಿಯ ಹೊಸ ನೋಟು ಇದ್ದರೆ ಹಿಂಬದಿ ತಿರುಗಿಸಿ ನೋಡಿ. ಯುಪಿಐ ಕಾಲದಲ್ಲಿ ನೋಟು ಎಲ್ಲಿ ಸಿಗುತ್ತೆ ಅಂತೀರಾ? ಸರಿ, ಗೂಗಲ್ ಮಾಡಿ. 2017ರಲ್ಲಿ ಬಂದ ಆ ತಿಳಿನೀಲಿ ನೋಟಿನ ಮೇಲೆ ಹಂಪಿಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಹಂಪಿಗೆ ಹೋಗಿ ಬಂದವರ ಫೋನಿನಲ್ಲಂತೂ ಅದೇ ರಥದ ಮುಂದೆ ನಿಂತ ಒಂದು ಫೋಟೊ ಇದ್ದೇ ಇರುತ್ತೆ. ರಥ ಅಂದ ತಕ್ಷಣ ಕಣ್ಣಿಗೆ ಬರೋದು ಅದೇ ಆಕಾರ. ಕೆಳಗೆ ಚಕ್ರ, ಮುಂದೆ ಆನೆ, ಮೇಲೆ ಚಪ್ಪಟೆ ಸೂರು.

ಆದರೆ 1856ರಲ್ಲಿ ತೆಗೆದ ಒಂದು ಫೋಟೊದಲ್ಲಿ ಅದೇ ರಥ ಬೇರೆ ಥರ ಕಾಣುತ್ತೆ. ಸೂರಿನ ಮೇಲೆ ಇಟ್ಟಿಗೆ, ಗಾರೆಯ ಒಂದು ಗೋಪುರ ಎದ್ದು ನಿಂತಿದೆ. ಆಮೇಲೆ ಆ ಗೋಪುರ ಇಲ್ಲವಾಯಿತು. ನಾವು ‘ಪೂರ್ತಿ ರಥ’ ಅಂತ ನೋಟಿನ ಮೇಲೆ ಅಚ್ಚು ಹಾಕಿಸಿಕೊಂಡಿರೋದು ತಲೆ ಇಲ್ಲದ ರಥವನ್ನ.

ಆ ಒಂದು ಫೋಟೊ ನನ್ನನ್ನು ಇನ್ನೊಬ್ಬ ಮನುಷ್ಯನ ಕೆಲಸದ ಕಡೆಗೆ ಕರೆದುಕೊಂಡು ಹೋಯಿತು. ಕಟ್ಟಡಗಳ ಫೋಟೊ ತೆಗೆಯೋದನ್ನೇ ವೃತ್ತಿ ಮಾಡಿಕೊಂಡ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು. ಕಳೆದ ಚಳಿಗಾಲದ ಒಂದು ವಾರಾಂತ್ಯ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೊಸಪೇಟೆಯಲ್ಲಿ ಇಳಿದಾಗ, ನನ್ನ ಹತ್ತಿರ ಇದ್ದ ಪ್ಲಾನ್ ಇಷ್ಟೇ: ಹಂಪಿಯನ್ನ ಒಂದು ಸಲ ಅವರ ಥರ ನೋಡಬೇಕು.

ಮೊದಲು ಆ ಹಳೆಯ ಫೋಟೊ ಕಥೆ

1856ರ ಫೋಟೊ ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದಲ್ಲಿ ಅಧಿಕಾರಿ. ಕ್ಯಾಮೆರಾ ಹವ್ಯಾಸ. ಆಗಿನ್ನೂ ಫಿಲಂ ರೋಲ್ ಹುಟ್ಟಿರಲಿಲ್ಲ. ಅವರು ಬಳಸಿದ್ದು ಕಾಗದದ ನೆಗೆಟಿವ್. ಒಳ್ಳೆ ಕಾಗದಕ್ಕೆ ಮೇಣ ಹಚ್ಚಿ, ಬೆಳ್ಳಿಯ ರಾಸಾಯನಿಕ ಕುಡಿಸಿ, ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಆ ಕಾಲದಲ್ಲಿ ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟ್ ಅಷ್ಟೇ ದೊಡ್ಡದು, ಹಿಗ್ಗಿಸೋ ಸೌಲಭ್ಯ ಇಲ್ಲ. ಅದಕ್ಕೇ ಅವರ ನೆಗೆಟಿವ್‌ಗಳು ಹತ್ತಿರ ಹತ್ತಿರ ಒಂದೂವರೆ ಅಡಿ ಅಗಲ. ಅಂಥ ಕಾಗದ ಹಿಡಿಯೋ ಕ್ಯಾಮೆರಾ ಎಷ್ಟು ದೊಡ್ಡದಿರಬೇಕು, ಅದನ್ನು ಹಂಪಿಯ ಬಂಡೆಗಳ ನಡುವೆ ಹೊತ್ತವರು ಎಷ್ಟು ಜನ ಇರಬೇಕು ಅಂತ ನೀವೇ ಲೆಕ್ಕ ಹಾಕಿ.

ಹೀಗೆ ತೆಗೆದ ಸುಮಾರು 60 ಚಿತ್ರಗಳು ಇಂಗ್ಲೆಂಡಿನ ಒಂದು ಖಾಸಗಿ ಸಂಗ್ರಹದಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನೆ ಮಲಗಿದ್ದವು. ಹೊರಗಿನ ಪ್ರಪಂಚಕ್ಕೆ ಗೊತ್ತಾಗಿದ್ದು 1980ರ ಹೊತ್ತಿಗೆ. ಈಗ ಆ ನೆಗೆಟಿವ್‌ಗಳು ಅಲ್ಕಾಜಿ ಸಂಗ್ರಹದಲ್ಲಿವೆ. ಹತ್ತೊಂಬತ್ತನೇ ಶತಮಾನದ ನಡುವೆ ಹಂಪಿ ಹೇಗಿತ್ತು ಅಂತ ಹೇಳೋಕೆ ಸಂಶೋಧಕರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಮೆಲ್ಬರ್ನ್‌ನಿಂದ ಹಂಪಿಗೆ

ಅದೇ 1980ರ ಸುಮಾರಿಗೆ ಹಂಪಿಯಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ಜಾರ್ಜ್ ಮಿಷೆಲ್ ಎಂಬ ವಾಸ್ತುಶಿಲ್ಪ ಇತಿಹಾಸಕಾರರು ಮತ್ತು ಜಾನ್ ಫ್ರಿಟ್ಜ್ ಎಂಬ ಅಮೆರಿಕದ ಪುರಾತತ್ವಜ್ಞರು ಸೇರಿ ವರ್ಷ ವರ್ಷ ಬಂದು, ಕಲ್ಲು ಕಲ್ಲಿನ ಲೆಕ್ಕದಲ್ಲಿ ವಿಜಯನಗರದ ನಕ್ಷೆ ಮಾಡುತ್ತಿದ್ದರು. ಮಿಷೆಲ್ ಅವರ ಊರು ಮೆಲ್ಬರ್ನ್. ಗೋಲಿಂಗ್ಸ್ ಅವರದೂ ಅದೇ ಊರು, ಇಬ್ಬರೂ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಆರ್ಕಿಟೆಕ್ಚರ್ ಓದಿದವರು. ನಕ್ಷೆ ಬರೆಯೋರಿಗೆ ಫೋಟೊ ಬೇಕಿತ್ತು, ಫೋಟೊ ತೆಗೆಯೋರಿಗೆ ಹಂಪಿ ಸಿಕ್ಕಿತು.

1944ರಲ್ಲಿ ಹುಟ್ಟಿದ ಗೋಲಿಂಗ್ಸ್ ಆರ್ಕಿಟೆಕ್ಟ್ ಆಗಲಿಲ್ಲ. ಜಾಹೀರಾತು, ಫ್ಯಾಷನ್ ಫೋಟೊ ತೆಗೆದು ಸಂಪಾದನೆ ಶುರು ಮಾಡಿದರು. ಅಷ್ಟರಲ್ಲಿ ಜೊತೆಗೆ ಓದಿದವರು ಒಬ್ಬೊಬ್ಬರಾಗಿ ಮನೆ, ಕಟ್ಟಡ ವಿನ್ಯಾಸ ಮಾಡತೊಡಗಿದರು. ಮಾಡಿದ್ದನ್ನ ತೋರಿಸೋಕೆ ಅವರಿಗೆ ಫೋಟೊ ಬೇಕು. ಹೀಗೆ ಕಟ್ಟಡಗಳೇ ಇವರ ಹೊಟ್ಟೆಪಾಡೂ ಆಯಿತು, ಹುಚ್ಚೂ ಆಯಿತು. ಇಂಜಿನಿಯರಿಂಗ್ ಓದಿ ಇನ್ನೇನೋ ಆದ ಎಷ್ಟೋ ಜನರನ್ನ ನೋಡಿರೋ ನಮಗೆ ಈ ತಿರುವು ಹೊಸದೇನಲ್ಲ ಬಿಡಿ!

ಈ ವೃತ್ತಿಯವರು ದಿನವಿಡೀ ಏನು ಮಾಡ್ತಾರೆ ಅಂತ ಕೇಳಿದರೆ, ಮುಕ್ಕಾಲು ಪಾಲು ಕಾಯ್ತಾರೆ. ಮದುವೆ ಫೋಟೊಗ್ರಾಫರ್ ಜನರನ್ನ ಅತ್ತ ಇತ್ತ ಸರಿಸಬಹುದು, ಲೈಟು ಹಾಕಬಹುದು. ಕಟ್ಟಡ ಅಲುಗಾಡಲ್ಲ. ಅದರ ಮುಖ ಪೂರ್ವಕ್ಕಿದ್ದರೆ ಬೆಳಿಗ್ಗೆಯೇ ಬರಬೇಕು. ಉತ್ತರಕ್ಕಿದ್ದರೆ ಇನ್ನೂ ಕಷ್ಟ. ನಮ್ಮ ಕಡೆ ವರ್ಷದಲ್ಲಿ ಸುಮಾರು ಅರ್ಧ ಕಾಲ ಆ ಗೋಡೆಗೆ ನೇರ ಬಿಸಿಲೇ ಬೀಳಲ್ಲ. ಹಿಂದಿನ ದಿನವೇ ಬಂದು ಸುತ್ತಾಡಿ, ಯಾವ ಗಂಟೆಗೆ ಯಾವ ಗೋಡೆಗೆ ಬೆಳಕು ಅಂತ ಗುರುತು ಹಾಕಿಕೊಂಡು, ಮಾರನೇ ದಿನ ಅಲ್ಲಿ ಹೋಗಿ ನಿಲ್ಲೋದೇ ಅರ್ಧ ಕೆಲಸ.

ಇನ್ನರ್ಧ, ಗೆರೆ ನೆಟ್ಟಗಿಡೋದು. ಎತ್ತರದ ಗೋಪುರದ ಬುಡದಲ್ಲಿ ನಿಂತು ಫೋನ್ ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ಬೀಳೋ ಹಾಗೆ ಕಾಣುತ್ತೆ, ಅಲ್ವಾ? ಕ್ಯಾಮೆರಾ ಹಿಂದಕ್ಕೆ ವಾಲಿದ್ದರಿಂದ ಹಾಗಾಗುತ್ತೆ. ವೃತ್ತಿಯವರು ಕ್ಯಾಮೆರಾವನ್ನ ಮಟ್ಟಸವಾಗೇ ಇಟ್ಟು, ಲೆನ್ಸನ್ನು ಮಾತ್ರ ಮೇಲಕ್ಕೆ ಜರುಗಿಸ್ತಾರೆ. ಅದಕ್ಕೆಂದೇ ಶಿಫ್ಟ್ ಲೆನ್ಸ್ ಅಂತ ಇದೆ. ಆಗ ಕಂಬ ಕಂಬದ ಹಾಗೇ ನಿಲ್ಲುತ್ತೆ. ಗಾರೆ ಕೆಲಸದವರು ತೂಗುಗುಂಡು ಬಿಟ್ಟು ಗೋಡೆ ನೋಡೋ ಹಾಗೆ, ಇವರು ಚೌಕಟ್ಟಿನ ಅಂಚಿಗೆ ಹಿಡಿದು ಕಟ್ಟಡ ನೋಡ್ತಾರೆ.

ಗೋಲಿಂಗ್ಸ್ ಹೆಸರು ಮಾಡಿದ್ದು ಮುಸ್ಸಂಜೆಯ ಚಿತ್ರಗಳಿಗೆ. ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಆಕಾಶದ ನೀಲಿಯೂ ಕಟ್ಟಡದೊಳಗಿನ ದೀಪವೂ ಒಂದೇ ತೂಕಕ್ಕೆ ಬರುತ್ತವೆ. ಆ ಹೊತ್ತು ಹತ್ತಿಪ್ಪತ್ತು ನಿಮಿಷ ಅಷ್ಟೆ. ಇಡೀ ದಿನದ ಓಡಾಟ ಆ ಇಪ್ಪತ್ತು ನಿಮಿಷಕ್ಕೆ. ಹಂಪಿಯಲ್ಲೋ ದೀಪವೇ ಇಲ್ಲ. ಅದಕ್ಕೆ ಅವರು ಕ್ಯಾಮೆರಾವನ್ನ ಸ್ಟ್ಯಾಂಡಿನ ಮೇಲಿಟ್ಟು, ಶಟರ್ ತೆರೆದೇ ಬಿಟ್ಟು, ಕತ್ತಲಲ್ಲಿ ಫ್ಲ್ಯಾಶ್ ಹಿಡಿದು ಕಂಬಗಳಿಗೆ ಒಂದೊಂದಾಗಿ ಬೆಳಕು ಕೊಟ್ಟರು. ಆ ಚಿತ್ರಗಳು 1991ರಲ್ಲಿ ಮಿಷೆಲ್ ಮತ್ತು ಫ್ರಿಟ್ಜ್ ಅವರ ಬರಹದ ಜೊತೆ ಪುಸ್ತಕವಾಗಿ ಬಂದವು. ಅದರಲ್ಲಿ ಕಲ್ಲು ಹಗಲಿನ ಕಲ್ಲಿನ ಹಾಗೆ ಕಾಣಲ್ಲ. ಮಂಟಪದೊಳಗೆ ಯಾರೋ ಈಗಷ್ಟೇ ದೀಪ ಹಚ್ಚಿ ಎದ್ದು ಹೋದ ಹಾಗಿರುತ್ತೆ.

ಬಂಡೆಗಳೇ ಇಲ್ಲಿ ಜಿಪಿಎಸ್

ಆದರೆ ನನ್ನನ್ನ ಹಿಡಿದಿಟ್ಟಿದ್ದು ಆ ಚೆಂದದ ರಾತ್ರಿ ಚಿತ್ರಗಳಲ್ಲ. 1983ರಲ್ಲಿ ಗೋಲಿಂಗ್ಸ್ ಮಾಡಿದ ಇನ್ನೊಂದು ಕೆಲಸ. ಅವರು ಗ್ರೀನ್‌ಲಾ ಚಿತ್ರಗಳನ್ನ ಹಿಡಿದುಕೊಂಡು, 127 ವರ್ಷದ ಹಿಂದೆ ಆ ಮನುಷ್ಯ ಕ್ಯಾಮೆರಾ ಇಟ್ಟ ಜಾಗಗಳನ್ನ ಹುಡುಕಿ, ಅಲ್ಲೇ ನಿಂತು ಅವೇ ಚಿತ್ರಗಳನ್ನ ಮತ್ತೆ ತೆಗೆದರು.

ಕೇಳೋಕೆ ಸುಲಭ. ನಾನು ಒಂದಕ್ಕೆ ಪ್ರಯತ್ನ ಮಾಡಿದೆ, ರಥದ್ದು. ಬ್ಯಾಟರಿ ಗಾಡಿಯಲ್ಲಿ ವಿಠ್ಠಲ ದೇವಸ್ಥಾನದ ಬಾಗಿಲಿಗೆ ಬೆಳಿಗ್ಗೆ ಮೊದಲ ಟ್ರಿಪ್ಪಿಗೇ ಹೋಗಿ ಇಳಿದೆ. ಫೋನಿನಲ್ಲಿ ಹಳೇ ಚಿತ್ರ ತೆರೆದಿಟ್ಟುಕೊಂಡು ಹಿಂದೆ ಮುಂದೆ ಹೆಜ್ಜೆ ಹಾಕತೊಡಗಿದೆ. ಇದರ ಗಣಿತ ಸರಳ. ಚಿತ್ರದಲ್ಲಿ ಹತ್ತಿರದ ಒಂದು ಅಂಚು, ದೂರದ ಒಂದು ಅಂಚು ಆರಿಸಿಕೊಳ್ಳಿ. ರಥದ ಮೂಲೆ ಹಿಂದಿನ ಮಂಟಪದ ಎಷ್ಟನೇ ಕಂಬಕ್ಕೆ ತಾಗುತ್ತೆ ಅಂತ ನೋಡಿ. ಎಡಕ್ಕೆ ಒಂದು ಹೆಜ್ಜೆ ಇಟ್ಟರೆ ಕಂಬ ಮರೆಯಾಗುತ್ತೆ, ಬಲಕ್ಕಿಟ್ಟರೆ ಮಧ್ಯೆ ಸಂದು ಬೀಳುತ್ತೆ. ಅಂಥ ಎರಡು ಜೋಡಿ ಒಟ್ಟಿಗೆ ಕೂಡಿಬಂದ ಕಡೆ ನಿಮ್ಮ ಜಾಗ. ಸಮತಟ್ಟು ನೆಲದಲ್ಲಿ ಅಂಥ ಜಾಗ ಒಂದೇ ಒಂದು ಇರುತ್ತೆ.

ದೇವಸ್ಥಾನದ ಹೊರಗೆ, ಬಯಲಿನಲ್ಲಿ ಇದೇ ಕೆಲಸಕ್ಕೆ ಹಂಪಿಯ ಬಂಡೆಗಳು ಸಹಾಯಕ್ಕೆ ಬರುತ್ತವೆ. ಮರ ಬೆಳೆಯುತ್ತೆ, ಗೋಡೆ ಬೀಳುತ್ತೆ, ರಸ್ತೆ ಬರುತ್ತೆ. ಆದರೆ ಒಂದರ ಮೇಲೊಂದು ಕೂತ ಆ ಬಂಡೆಗಳು 1856ರಲ್ಲಿ ಹೇಗಿದ್ದವೋ ಈಗಲೂ ಬಹುಪಾಲು ಹಾಗೇ ಕೂತಿವೆ. ಗುಡ್ಡದ ಸಾಲು ನೋಡಿದರೆ ಸಾಕು, ಯಾವ ದಿಕ್ಕಿಗೆ ನಿಂತಿದ್ದರು ಅಂತ ಗೊತ್ತಾಗುತ್ತೆ.

ನಾನು ಹೀಗೆ ಹೆಜ್ಜೆ ಹಾಕೋದನ್ನ ಸೆಕ್ಯುರಿಟಿ ಅಣ್ಣ ಸ್ವಲ್ಪ ಹೊತ್ತು ನೋಡಿದರು. “ಏನ್ ಕಳ್ಕೊಂಡೀರಿ ಸರ?” ಅಂದರು. ಫೋನ್ ತೋರಿಸಿದೆ. ಸುಮಾರು ಹೊತ್ತು ಚಿತ್ರ ನೋಡಿ, ತಲೆಯೆತ್ತಿ ರಥ ನೋಡಿ, ಮತ್ತೆ ಚಿತ್ರ ನೋಡಿದರು. “ಅಲ್ರೀ, ದಿನಾ ಇಲ್ಲೇ ನಿಂದರ್ತೀನಿ. ಇದರ ಮ್ಯಾಲೆ ಗೋಪುರ ಇತ್ತಂತ ನನಗ ಯಾರೂ ಹೇಳಿಲ್ಲ ನೋಡ್ರಿ!”

ನಮ್ಮ ಕೆಲಸದಲ್ಲಿ ಗಿಟ್ ಬಳಸೋರಿಗೆ ಇದು ತಕ್ಷಣ ಅರ್ಥವಾಗುತ್ತೆ. ಕೋಡ್‌ನ ಎರಡು ಆವೃತ್ತಿ ಪಕ್ಕಪಕ್ಕ ಇಟ್ಟು ಡಿಫ್ ನೋಡಿದರೆ ಯಾವ ಸಾಲು ಹೋಯಿತು, ಯಾವುದು ಬಂತು ಅಂತ ಕಾಣುತ್ತೆ. ಆದರೆ ಡಿಫ್ ಕೆಲಸ ಮಾಡಬೇಕಾದರೆ ಎರಡೂ ಒಂದೇ ಫೈಲ್ ಆಗಿರಬೇಕು. ಕಟ್ಟಡದ ಫೋಟೊದಲ್ಲಿ ‘ಒಂದೇ ಫೈಲ್’ ಅಂದರೆ ಒಂದೇ ಜಾಗ, ಒಂದೇ ದಿಕ್ಕು. ಗೋಲಿಂಗ್ಸ್ ಅಷ್ಟು ಹಟ ಹಿಡಿದು ಅದೇ ಜಾಗ ಹುಡುಕಿದ್ದಕ್ಕೇ ಆ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಬರೀ ಅಭಿಪ್ರಾಯ ಆಗದೆ ಸಾಕ್ಷಿ ಆಗುತ್ತೆ. ‘ಹಂಪಿ ಹಾಳಾಗ್ತಿದೆ’ ಅಂತ ಯಾರು ಬೇಕಾದರೂ ಹೇಳಬಹುದು. ಎಲ್ಲಿ, ಎಷ್ಟು, ಯಾವಾಗಿನಿಂದ ಅಂತ ಹೇಳೋಕೆ ಇಂಥ ಜೋಡಿ ಚಿತ್ರ ಬೇಕು. ಕಲ್ಲು ಗಟ್ಟಿಯಾಗಿ ನಿಂತಿದೆ, ಮೇಲಿನ ಇಟ್ಟಿಗೆ, ಗಾರೆ ಮೊದಲು ಹೋಗಿದೆ ಅನ್ನೋದಕ್ಕೆ ರಥಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಳು ಹಂಪಿಯಲ್ಲಿ ಜನ ಎಲ್ಲಿ?

ಮಧ್ಯಾಹ್ನ ವಿರೂಪಾಕ್ಷ ದೇವಸ್ಥಾನದ ಕಡೆ ಬಂದೆ. ಇಲ್ಲಿ ಒಂದು ಪ್ರಶ್ನೆ ಎದುರಾಗುತ್ತೆ. ಗ್ರೀನ್‌ಲಾ ಕಾಲದ ಕ್ಯಾಮೆರಾಗೆ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೇಕಿತ್ತು ಅಂದೆನಲ್ಲ. ಅಷ್ಟು ಹೊತ್ತು ಮಿಸುಕದೆ ನಿಂತವರು ಮಾತ್ರ ಚಿತ್ರದಲ್ಲಿ ಉಳಿಯುತ್ತಾರೆ. ನಡೆದು ಹೋದವರು, ದನ ಅಟ್ಟಿಕೊಂಡು ಬಂದವರು, ಓಡಿದ ಮಕ್ಕಳು ಯಾರೂ ದಾಖಲಾಗಲ್ಲ. ಇದು ಆ ತಂತ್ರದ ಮಿತಿ. ಆದರೆ ನೋಡುವವರಿಗೆ ಮಾತ್ರ ಖಾಲಿ ಊರು ಕಾಣುತ್ತೆ.

ಇವತ್ತಿನ ಕ್ಯಾಮೆರಾಗೆ ಆ ಮಿತಿ ಇಲ್ಲ. ಆದರೂ ಕಟ್ಟಡದ ಫೋಟೊ ಅಂದರೆ ಜನ ಇಲ್ಲದ ಫೋಟೊ ಅನ್ನೋದು ಈ ವೃತ್ತಿಯಲ್ಲಿ ಅಭ್ಯಾಸವೇ ಆಗಿಬಿಟ್ಟಿದೆ. ಯಾವುದೇ ಆರ್ಕಿಟೆಕ್ಚರ್ ಪತ್ರಿಕೆ ತೆಗೆಯಿರಿ. ಸೋಫಾ ಮೇಲೆ ದಿಂಬು ಇರುತ್ತೆ, ಕೂತವರು ಇರಲ್ಲ. ಅಡುಗೆಮನೆಯಲ್ಲಿ ನಿಂಬೆಹಣ್ಣಿನ ಬಟ್ಟಲು ಇರುತ್ತೆ, ಒಗ್ಗರಣೆ ಕಲೆ ಇರಲ್ಲ. ನಾವೂ ಹಂಪಿಗೆ ಬಂದು “ಸ್ವಲ್ಪ ಸೈಡಿಗೆ ಬನ್ನಿ ಆಂಟಿ” ಅಂತ ಫ್ರೇಮ್ ಖಾಲಿ ಮಾಡಿಸಿ ಕ್ಲಿಕ್ ಮಾಡ್ತೀವಿ.

‘ಹಾಳು ಹಂಪಿ’ ಅನ್ನೋ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ ನೋಡಿ. ಆದರೆ ವಿರೂಪಾಕ್ಷನ ಗುಡಿಯಲ್ಲಿ ಇವತ್ತಿಗೂ ಪೂಜೆ ಇದೆ, ಜಾತ್ರೆಗೆ ತೇರು ಎಳೀತಾರೆ. ಗುಡಿಯ ಮುಂದಿನ ಬಜಾರಿನ ಕಲ್ಲಿನ ಮಂಟಪಗಳಲ್ಲಿ ತೀರಾ ಇತ್ತೀಚಿನವರೆಗೂ ಮನೆಗಳಿದ್ದವು, ಅಂಗಡಿ, ಹೋಟೆಲ್ ಇದ್ದವು. 2011ರ ಜುಲೈನಲ್ಲಿ ಅವನ್ನೆಲ್ಲ ತೆರವು ಮಾಡಿದರು. ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲೇ ಸೇರಿದ ಜಾಗ, ಮಂಟಪಗಳಿಗೆ ಧಕ್ಕೆಯಾಗುತ್ತೆ ಅನ್ನೋದು ಒಂದು ಕಡೆಯ ವಾದ. ಹುಟ್ಟಿ ಬೆಳೆದ ಜಾಗ ಒಂದೇ ದಿನದಲ್ಲಿ ಹೋಯಿತು ಅನ್ನೋದು ಅಲ್ಲಿದ್ದವರ ಮಾತು. ಈಗ ಆ ಬೀದಿಯಲ್ಲಿ ನಿಂತರೆ ಉದ್ದಕ್ಕೂ ಕಂಬಗಳ ಸಾಲು, ಕೊನೆಯಲ್ಲಿ ಗೋಪುರ. ಫೋಟೊಗೆ ಹೇಳಿ ಮಾಡಿಸಿದ ಹಾಗಿದೆ. ಅದೇ ನನ್ನನ್ನ ಸ್ವಲ್ಪ ಹೊತ್ತು ಕಾಡಿತು. ಬೀದಿ ಫೋಟೊದ ಹಾಗೆ ಆಗಿದೆ.

ಕ್ಯಾಮೆರಾ ಸುಳ್ಳು ಹೇಳಲ್ಲ ಅಂತಾರೆ. ಆದರೆ ಯಾರನ್ನ ಬಿಟ್ಟಿದೆ ಅಂತ ಅದು ತಾನಾಗೇ ಹೇಳೋದೂ ಇಲ್ಲ.

ಗುಡಿಯೊಳಗೆ ಇನ್ನೊಂದು ಕ್ಯಾಮೆರಾ ಇದೆ, ನೀವು ನೋಡಿರಬಹುದು. ಗರ್ಭಗುಡಿಯ ಹಿಂಬದಿಯ ಒಂದು ಕತ್ತಲ ಜಾಗದಲ್ಲಿ, ಗೋಡೆಯ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರವನ್ನ ತಲೆಕೆಳಗಾಗಿ ಮೂಡಿಸುತ್ತೆ. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಅಲ್ಲಿ ಚಿಕ್ಕದಾಗಿ ಇಳಿದು ಬಂದಿರುತ್ತೆ. ಗೈಡ್‌ಗಳು ಅದನ್ನು ಪವಾಡದ ಹಾಗೆ ತೋರಿಸ್ತಾರೆ. ವಿಜ್ಞಾನದ ಪಾಠದಲ್ಲಿ ಬರೋ ಸೂಜಿರಂಧ್ರ ಕ್ಯಾಮೆರಾದ ತತ್ವವೇ ಅದು. ಈ ಕ್ಯಾಮೆರಾದಲ್ಲಿ ಒಂದು ವಿಶೇಷ ಇದೆ. ಇದು ಯಾರನ್ನೂ ಪಕ್ಕಕ್ಕೆ ಸರಿಸಲ್ಲ, ಏನನ್ನೂ ಉಳಿಸಿಕೊಳ್ಳಲ್ಲ. ಮೋಡ ಬಂದರೆ ಚಿತ್ರವೂ ಹೋಯಿತು.

ಮತ್ತೆ ಮತ್ತೆ ಅದೇ ಜಾಗಕ್ಕೆ

ಗೋಲಿಂಗ್ಸ್ ಅವರ ಉಳಿದ ಕೆಲಸ ನೋಡಿದರೆ ಹಂಪಿ ಒಂದು ಬಿಡಿ ಘಟನೆ ಅಲ್ಲ ಅಂತ ಗೊತ್ತಾಗುತ್ತೆ. 1973ರಲ್ಲಿ ಅವರು ಸ್ನೇಹಿತರ ಜೊತೆ ಆಸ್ಟ್ರೇಲಿಯಾದ ಸರ್ಫರ್ಸ್ ಪ್ಯಾರಡೈಸ್ ಎಂಬ ಕಡಲ ತೀರದ ಊರಿಗೆ ಹೋಗಿ ಅಲ್ಲಿನ ಮೋಟೆಲ್, ಬೋರ್ಡು, ಬೀದಿಗಳನ್ನ ಚಿತ್ರ ಮಾಡಿದ್ದರು. ಯಾರೂ ‘ವಾಸ್ತುಶಿಲ್ಪ’ ಅಂತ ಕರೆಯದ ಕಟ್ಟಡಗಳು. ನಲವತ್ತು ವರ್ಷ ಬಿಟ್ಟು, 2013ರಲ್ಲಿ, ಅವೇ ಜಾಗಗಳಲ್ಲಿ ಮತ್ತೆ ನಿಂತು ತೆಗೆದರು. ಗಿಡ್ಡ ಮೋಟೆಲ್‌ಗಳ ಜಾಗದಲ್ಲಿ ಗಗನಚುಂಬಿಗಳು. 2009ರಲ್ಲಿ ಅವರ ಸ್ವಂತ ರಾಜ್ಯ ವಿಕ್ಟೋರಿಯಾದಲ್ಲಿ ಭೀಕರ ಕಾಳ್ಗಿಚ್ಚು ಬಂದಾಗ ಸುಟ್ಟು ಬೂದಿಯಾದ ಗುಡ್ಡಗಳನ್ನ ಆಕಾಶದಿಂದ ಚಿತ್ರ ಮಾಡಿದರು.

ಚೀನಾದ ಪಶ್ಚಿಮ ತುದಿಯ ಕಾಶ್ಗರ್ ಎಂಬ ಹಳೇ ರೇಷ್ಮೆ ದಾರಿಯ ಊರಿನ ಮೇಲೆ ಮಿಷೆಲ್ ಮತ್ತಿತರರ ಜೊತೆ ಅವರು ಮಾಡಿದ ಪುಸ್ತಕ ಬಂದಿದ್ದು 2008ರಲ್ಲಿ. ಮಾರನೇ ವರ್ಷವೇ, ಭೂಕಂಪಕ್ಕೆ ತಡೆಯಲ್ಲ ಅನ್ನೋ ಕಾರಣ ಕೊಟ್ಟು, ಆ ಹಳೇ ಊರಿನ ಮಣ್ಣಿನ ಮನೆಗಳನ್ನ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೆಡವತೊಡಗಿತು. ಆ ಗಲ್ಲಿಗಳು ಹೇಗಿದ್ದವು ಅಂತ ನೋಡಬೇಕಾದರೆ ಈಗ ಆ ಪುಟಗಳಿಗೇ ಹೋಗಬೇಕು.

ಸಂಬಳ ಕೊಡೋದು ಹೊಸ ಕಟ್ಟಡ, ನಿದ್ದೆ ಕೆಡಿಸೋದು ಹಳೇ ಕಟ್ಟಡ. ಅವರ ವೃತ್ತಿಜೀವನವನ್ನ ನಾನು ಹೀಗೆ ಓದಿಕೊಂಡಿದ್ದೇನೆ.

ನಮ್ಮ ದೊಡ್ಡಪ್ಪನ ಅನುಮಾನ

ಇದೆಲ್ಲ ತಲೆಯಲ್ಲಿ ತುಂಬಿಕೊಂಡು ಬಂದ ನನಗೆ ನೆನಪಾಗಿದ್ದು ತಿಪಟೂರಿನ ಹತ್ತಿರದ ನಮ್ಮ ಊರಿನ ತೊಟ್ಟಿ ಮನೆ. ಪಾಲಾಗಿದೆ, ಈ ಬೇಸಿಗೆಗೆ ಕೆಡವುತ್ತಾರೆ. ಅದರ ಫೋಟೊ ನಮ್ಮ ಮನೆತನದವರ ಹತ್ತಿರ ನೂರಾರು ಇವೆ. ಎಲ್ಲದರಲ್ಲೂ ಮದುಮಕ್ಕಳು, ನಾಮಕರಣದ ಕೂಸು. ಹಿಂದೆ ಮಸುಕಾಗಿ ಒಂದು ಕಂಬ. ಹಂಪಿಯ ತೊಂದರೆ ಅಲ್ಲಿ ತಿರುಗುಮುರುಗು. ಜನ ಇದ್ದಾರೆ, ಮನೆಯೇ ಇಲ್ಲ.

ಸಂಕ್ರಾಂತಿಗೆ ಹೋದಾಗ ಎರಡು ದಿನ ಕೂತು ತೆಗೆದೆ. ತೊಟ್ಟಿಯ ನಾಲ್ಕು ಮೂಲೆಯಿಂದ, ಬಾಗಿಲಿಗೆ ನೇರವಾಗಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅಟ್ಟದ ಏಣಿ, ಒರಳುಕಲ್ಲು ಕೂತ ಗುಳಿ, ಅಜ್ಜಿ ಬೆನ್ನು ಒರಗಿಸಿ ಒರಗಿಸಿ ನುಣುಪಾದ ಕಂಬದ ಆ ಒಂದು ಭಾಗ. ದೊಡ್ಡಪ್ಪ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ತಾ ನೋಡ್ತಿದ್ದರು. “ಏನ್ ಮಗ, ಗೋಡೆ ಫೋಟೊ ತೆಗ್ದು ಏನ್ ಮಾಡ್ತೀಯೋ? ನಾಳಿಕ್ಕೆ ಜೆಸಿಬಿ ಬರ್ತದೆ.”

“ಅದಕ್ಕೇ ದೊಡ್ಡಪ್ಪ” ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು, “ಹಂಗಾದ್ರೆ ದನದ ಕೊಟ್ಟಿಗೆದೂ ತೆಗಿ” ಅಂದರು. ಕೊಟ್ಟಿಗೆ ಬಾಗಿಲಲ್ಲಿ ತಾವೇ ನಿಂತರು. ಸೈಡಿಗೆ ಬನ್ನಿ ಅಂತ ನಾನು ಹೇಳಲಿಲ್ಲ.

ನೀವೂ ಮಾಡಬಹುದು

ಇದಕ್ಕೆ ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ಫೋನ್ ಸಾಕು.

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಆನ್ ಮಾಡಿ. ಫೋನನ್ನ ನೆಟ್ಟಗೆ ಹಿಡಿಯಿರಿ. ಕಟ್ಟಡದ ತಲೆ ಕಟ್ ಆದರೆ ಫೋನ್ ಮೇಲೆತ್ತಬೇಡಿ, ನೀವೇ ಹಿಂದೆ ಸರಿಯಿರಿ.

ಮುಖ ಪೂರ್ವಕ್ಕಿದ್ದರೆ ಬೆಳಿಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ. ವಿರೂಪಾಕ್ಷನ ರಾಜಗೋಪುರಕ್ಕೆ ಬೆಳಗಿನ ಬಿಸಿಲೇ ಸರಿ.

ಜೂಮ್ ಮಾಡಬೇಡಿ, ವೈಡ್‌ಗೂ ಹೋಗಬೇಡಿ. ಸಾಮಾನ್ಯ 1ಎಕ್ಸ್‌ನಲ್ಲೇ ತೆಗೆದರೆ ಮುಂದೆ ಯಾರಾದರೂ ಅದೇ ಜಾಗ ಹುಡುಕೋದು ಸುಲಭ.

ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು. ಕಂಬ ಹತ್ತೋದು, ಆನೆ ಮೇಲೆ ಕೂರೋದು ಬೇಡವೇ ಬೇಡ.

ಒಂದು ಖಾಲಿ ಫೋಟೊ ತೆಗೆದರೆ, ಜನ ಇರುವ ಒಂದನ್ನೂ ತೆಗೆಯಿರಿ. ಎರಡೂ ಬೇಕು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಎಲ್ಲಿ ನಿಂತು ತೆಗೆದಿರಿ, ಯಾವ ದಿನ, ಯಾರ ಮನೆ ಅಂತ ಎರಡು ಸಾಲು ಬರೆದಿಡಿ. ವಾಟ್ಸಾಪ್‌ನಲ್ಲಿ ನಾಲ್ಕು ಜನರ ಕೈ ದಾಟುವಷ್ಟರಲ್ಲಿ ಫೋಟೊದ ದಿನಾಂಕ, ಜಾಗ ಎಲ್ಲ ಅಳಿಸಿ ಹೋಗಿರುತ್ತೆ. ನಮ್ಮ ತೊಟ್ಟಿ ಮನೆಯ ಚಿತ್ರಗಳ ಜೊತೆ ನಾನು ಬರೆದಿಟ್ಟ ಕಾಗದದಲ್ಲಿ ಹೀಗಿದೆ: “ಪಡಸಾಲೆಯ ಎಡಮೂಲೆ, ಗೋಡೆಯಿಂದ ಎರಡು ಹೆಜ್ಜೆ, ಬೆಳಿಗ್ಗೆ ಎಂಟೂವರೆ. ಕೊಟ್ಟಿಗೆ ಬಾಗಿಲಲ್ಲಿ ನಿಂತಿರೋದು ದೊಡ್ಡಪ್ಪ.”